ಸೀಟು ತುಂಬಿಸುವವರಿಗೆ ಮಾತು ಕಲಿಸಿದ ವರ್ಷಗಳು

ಅಡ್ಮಿಷನ್ ವಿಭಾಗಕ್ಕೆ ಹೊಸದಾಗಿ ಸೇರಿದ ನಿಮಗೆ ಒಂದು ಮೇಜು, ಒಂದು ಫೋನು ಕೊಟ್ಟಿರುತ್ತಾರೆ. ಅರ್ಜಿ ಕೊಡುವುದು, ಅಂಕಪಟ್ಟಿ ನೋಡುವುದು, ರಸೀದಿ ಹರಿಯುವುದು ಇಷ್ಟೇ ಕೆಲಸ ಎಂದು ನಿಮ್ಮ ಮನೆಯವರು ತಿಳಿದಿರುತ್ತಾರೆ. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಈಗಲೂ ಯಾರಾದರೂ ಕೇಳಿದರೆ ನನ್ನ ತಂಗಿ, "ನಮ್ಮಕ್ಕ ಕಾಲೇಜಿನಾಗ ಫಾರ್ಮ್ ಕೊಡ್ತಿದ್ಲು" ಎನ್ನುತ್ತಾಳೆ. ನಾನು ತಿದ್ದಲು ಹೋಗುವುದಿಲ್ಲ. ಆದರೆ ನೀವು ಈ ಕೆಲಸ ಮಾಡುವವರು, ನಿಮಗೆ ನಿಜ ತಿಳಿದಿರಬೇಕು. ಇದು ಮಾತಿನ ಕೆಲಸ. ಪಿಯುಸಿ ಮುಗಿಸಿದ ಒಂದು ಮಗು, ಜೊತೆಗೆ ಹೊಲದ ಕೆಲಸವನ್ನೋ ಕೂಲಿಯನ್ನೋ ಒಂದು ದಿನ ಬಿಟ್ಟು ಬಂದ ತಂದೆ ಅಥವಾ ತಾಯಿ ನಿಮ್ಮೆದುರು ಬಂದು ನಿಲ್ಲುತ್ತಾರೆ. ನೀವು ಹೇಳುವ ನಾಲ್ಕು ಮಾತು ಕೇಳಿ ಮುಂದಿನ ಮೂರು ವರ್ಷ ಎಲ್ಲಿ ಕಳೆಯಬೇಕೆಂದು ತೀರ್ಮಾನಿಸಿ ಹೋಗುತ್ತಾರೆ.

ನಾನು ಶಹಾಬಾದಿನವಳು. ಅಪ್ಪ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ದುಡಿದವರು. ನಮ್ಮ ಊರಿನ ಕಾಲೇಜಿನಲ್ಲೇ ಓದಿ, ಅಲ್ಲೇ ಗುಮಾಸ್ತೆಯಾಗಿ ಸೇರಿದೆ. ಆ ಕಾಲೇಜಿನ ಸಂಸ್ಥೆಗೆ ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಗಳಲ್ಲೂ ಕಾಲೇಜುಗಳಿದ್ದವು. ಮೊದಮೊದಲು ನಮ್ಮ ಕಚೇರಿಗೆ ಒಂದು ಸಣ್ಣ ಕಿಟಕಿ ಇತ್ತು. ಎಷ್ಟು ಕೆಳಗಿತ್ತೆಂದರೆ ಹೊರಗಿನವರು ಬೆನ್ನು ಬಗ್ಗಿಸಿ ತಲೆ ತೂರಿಸಿ ಮಾತಾಡಬೇಕಿತ್ತು. ಬಗ್ಗಿ ನಿಂತವರು ಹೆಚ್ಚು ಪ್ರಶ್ನೆ ಕೇಳುವುದಿಲ್ಲ, ಬೇಗ ಮುಗಿಸಿ ಹೋಗುತ್ತಾರೆ. ಒಂದು ಬೇಸಿಗೆಯಲ್ಲಿ ನಾನು ಕಿಟಕಿ ಮುಚ್ಚಿಸಿ ಬಾಗಿಲು ತೆಗೆಸಿ, ಒಳಗೆ ಬೆಂಚು ಹಾಕಿಸಿ, ಬಂದವರಿಗೆ ಮೊದಲು "ಬರ್ರಿ, ಕುಂದ್ರಿ, ನೀರು ಕುಡೀರಿ" ಎನ್ನತೊಡಗಿದೆ. ಅಂದಿನಿಂದ ಪ್ರಶ್ನೆಗಳು ಶುರುವಾದವು. ಕುಳಿತ ತಾಯಂದಿರು ಕೇಳುವ ಪ್ರಶ್ನೆಗಳಿಗೆ ಉತ್ತರ ನಮ್ಮಲ್ಲಿ ಯಾರಿಗೂ ಗೊತ್ತಿರುತ್ತಿರಲಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತದೆಯೇ ಎಂದು ಒಬ್ಬಾಕೆ ಕೇಳಿದಾಗ ನಾನೇ ಎದ್ದು ಹೋಗಿ ನಲ್ಲಿ ತಿರುವಿ ನೋಡಿ ಬಂದು ಹೇಳಬೇಕಾಯಿತು. ಆ ಓಡಾಟವೆಲ್ಲ ನನಗೆ ಖುಷಿಯಾಗಿಯೇ ಇತ್ತು.

ಕಾಲ ಬದಲಾಯಿತು. ಊರೂರಿಗೂ ಕಾಲೇಜುಗಳಾದವು, ಸೀಟು ತುಂಬಿಸುವುದೇ ಕಷ್ಟವಾಯಿತು. ನಮ್ಮ ಸಂಸ್ಥೆಯ ಕಾರ್ಯದರ್ಶಿಗಳು, ಅವರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು, ಒಂದು ವರ್ಷ ದೊಡ್ಡ ಊರಿನಿಂದ ಪ್ರಚಾರದವನೊಬ್ಬನನ್ನು ಕರೆಸಿದರು. ಅವನು ನಮ್ಮ ಹುಡುಗರಿಗೆ ಏನೇನೋ ಹೇಳಿಕೊಟ್ಟು ಹೋದ. 'ಎರಡೇ ಸೀಟು ಉಳಿದಿವೆ ಅನ್ನಿ, ಇವತ್ತೇ ಕೊನೆಯ ದಿನ ಅನ್ನಿ, ಇಲ್ಲ ಎಂಬ ಮಾತು ಬಾಯಿಂದ ಬರಕೂಡದು.' ಕರಪತ್ರದಲ್ಲಿ ನಮ್ಮದಲ್ಲದ ಕಟ್ಟಡವೊಂದರ ಚಿತ್ರ ಬಂತು. ಅದರ ಮುಂದೆ ಕಾರಂಜಿ ಬೇರೆ ಚಿಮ್ಮುತ್ತಿತ್ತು. ಮೇ ತಿಂಗಳಲ್ಲಿ ಕುಡಿಯಲು ನೀರಿಗಾಗಿ ಟ್ಯಾಂಕರ್ ಕಾಯುವ ನಾವು ಆ ಕಾರಂಜಿ ನೋಡಿ ನಕ್ಕಿದ್ದೇ ನಕ್ಕಿದ್ದು.

ಆ ನಗು ಬಹಳ ದಿನ ಉಳಿಯಲಿಲ್ಲ. ಕಾಲೇಜು ಶುರುವಾಗುವ ವಾರ ನಾನು ಯಾವುದೋ ಕೆಲಸಕ್ಕೆ ವಾಡಿಗೆ ಹೋಗಿದ್ದೆ. ಅಲ್ಲಿ ಅಡ್ಮಿಷನ್ ನೋಡಿಕೊಳ್ಳುತ್ತಿದ್ದವನು ಮಲ್ಲಿಕಾರ್ಜುನ. ಮೊದಲು ಮೊಬೈಲ್ ಅಂಗಡಿಯಲ್ಲಿದ್ದ ಹುಡುಗ, ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಾಲವಾರದಿಂದ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದರು. ತಲೆಯ ಮೇಲೆ ಟ್ರಂಕು, ಮಗಳ ಕೈಯಲ್ಲಿ ಹಾಸಿಗೆಯ ಸುರುಳಿ.

"ಹಾಸ್ಟೆಲ್ ಎಲ್ಲದರಿ?" ಎಂದರು.

ಹಾಸ್ಟೆಲ್ ಇರಲಿಲ್ಲ. ಇದೆ ಎಂದು ಮಲ್ಲಿಕಾರ್ಜುನ ಫೋನಿನಲ್ಲಿ ಹೇಳಿದ್ದ. ಅವನು ಸುಮ್ಮನೆ ಒಪ್ಪಿಕೊಳ್ಳುವ ಬದಲು ಅವರನ್ನು ಹಿಂದಿನ ಬಯಲಿಗೆ ಕರೆದುಕೊಂಡು ಹೋದ. ಅಲ್ಲಿ ಆಡುಗಳು ಮೇಯುತ್ತಿದ್ದವು.

"ಇಲ್ಲೇ ಬರ್ತದ್ರಿ ಕಾಕಾ. ಪ್ಲಾನ್ ಎಲ್ಲಾ ಆಗ್ಯದ."

ಆ ಹಿರಿಯರು ಕೂಗಾಡಲಿಲ್ಲ. ಟ್ರಂಕು ಕೆಳಗಿಳಿಸಿ ಬಯಲನ್ನು ಒಮ್ಮೆ ನೋಡಿ, "ಅದು ಬರೋತನಕ ನಮ್ಮ ಹುಡುಗಿ ಎಲ್ಲಿ ಮಲ್ಕೋಬೇಕ್ರಿ, ತಮ್ಮಾ?" ಎಂದು ಕೇಳಿದರು. ಮಲ್ಲಿಕಾರ್ಜುನ ಆಡುಗಳನ್ನು ಓಡಿಸತೊಡಗಿದ. ಹುಡುಗಿ ಹಾಸಿಗೆಯ ಸುರುಳಿಯನ್ನು ಎದೆಗೆ ಅವಚಿಕೊಂಡು ಅಳು ನುಂಗುತ್ತಿದ್ದಳು.

ನಾನು ಅವರನ್ನು ಒಳಗೆ ಕರೆದು ಕೂರಿಸಿದೆ. ಹಾಸ್ಟೆಲ್ ಇಲ್ಲ, ಸುಳ್ಳು ಹೇಳಿದ್ದು ನಮ್ಮ ತಪ್ಪು ಎಂದೆ. ಆಮೇಲೆ ಊರು ಕೇಳಿದೆ. ನಾಲವಾರ ಎಂದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಲವಾರಕ್ಕೆ ರೈಲು ನಿಲ್ದಾಣವಿದೆ. ಆ ಊರಿನ ಅರ್ಧ ಮಂದಿ ದಿನಾ ರೈಲಿಗೆ ವಾಡಿಗೆ ಬಂದು ಹೋಗುತ್ತಾರೆ. ಸ್ಟೇಷನ್ನಿನಿಂದ ಕಾಲೇಜಿಗೆ ನಡೆದೇ ಬರಬಹುದು.

"ಅಪ್ ಡೌನ್ ಮಾಡಬಹುದಲ್ರಿ?" ಎಂದೆ.

"ಮಾಡಬಹುದ್ರಿ. ಆದ್ರ ಫೋನಿನಾಗ ಇವರು ಹಾಸ್ಟೆಲ್ ಭಾಳ ಚಲೋ ಅದ ಅಂದ್ರು. ದಿನಾ ಯಾಕ ತಿರುಗಾಡ್ಬೇಕು ಪೋರಿ, ಅಂತ ಟ್ರಂಕ್ ತಂದ್ವಿ."

ಹುಡುಗಿ ಅಂದೇ ಪ್ರವೇಶ ಪಡೆದಳು. ಟ್ರಂಕು ಅಪ್ಪನ ತಲೆಯ ಮೇಲೆ ಕುಳಿತು ಸಂಜೆಯ ರೈಲಿಗೆ ಊರಿಗೆ ಮರಳಿತು. ಅವರು ಹೋದ ಮೇಲೆ ಮಲ್ಲಿಕಾರ್ಜುನ ನನ್ನ ಹತ್ತಿರ ಬಂದು ಗೋಣು ತಗ್ಗಿಸಿಕೊಂಡು ನಿಂತ. ನಾನು ಬೈಯಲಿಲ್ಲ. "ಯಾವ ಊರು ಅಂತ ಕೇಳಿದ್ದೇನಪಾ?" ಎಂದೆ. ಕೇಳಿರಲಿಲ್ಲ. ಕೇಳಿದ್ದರೆ ಆ ಸುಳ್ಳು ಬೇಕಾಗೇ ಇರಲಿಲ್ಲ. ಇವರಿಗೆ ಸುಳ್ಳು ಬಿಡುವುದನ್ನಲ್ಲ, ಮೊದಲು ಕೇಳುವುದನ್ನು ಕಲಿಸಬೇಕು ಎಂದು ನನಗೆ ಅವತ್ತು ಹೊಳೆಯಿತು.

ಮರುದಿನ ಸಾಹೇಬರ ಮುಂದೆ ಕುಳಿತು ಐದೂ ಊರಿನ ಅಡ್ಮಿಷನ್ ಸಿಬ್ಬಂದಿಗೆ ತರಬೇತಿ ಬೇಕು ಎಂದೆ. ಅವರು ಕನ್ನಡಕ ತೆಗೆದು ನಕ್ಕರು.

"ಏನ್ರಿ ಕಸ್ತೂರಿಬಾಯಿ, ಸುಳ್ಳು ಹೇಳಬ್ಯಾಡ್ರಿ ಅನ್ನಾಕ ಟ್ರೇನಿಂಗ್ ಬೇಕೇನ್ರಿ? ಒಂದು ಕಾಗದಾ ಬರ್ದು ಗ್ವಾಡಿಗಿ ಹಚ್ರಿ, ಮುಗೀತು."

"ಹಚ್ಚಿದ್ರ ಓದ್ತಾರ್ರಿ ಸಾಹೇಬ್ರ. ಆದ್ರ ಎದುರು ಕುಂತ ತಂದಿ, ನೌಕರಿ ಗ್ಯಾರಂಟಿ ಏನ್ರಿ ಅಂತ ಕೇಳ್ದಾಗ ಏನ್ ಹೇಳ್ಬೇಕು ಅಂಬೋದು ಗ್ವಾಡಿ ಮ್ಯಾಲ ಇರಂಗಿಲ್ಲ."

ಅವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಚಿಂಚೋಳಿಯ ವಿಜ್ಞಾನ ವಿಭಾಗ ಆಗಲೇ ಬಡವಾಗಿತ್ತು. ಬರುವ ವರ್ಷವೂ ಮಕ್ಕಳು ಬರದಿದ್ದರೆ ಅದನ್ನು ಮುಚ್ಚುವುದೇ ಸರಿ, ಅಲ್ಲಿನ ಅತಿಥಿ ಉಪನ್ಯಾಸಕರನ್ನೂ ಅಡ್ಮಿಷನ್ ಹುಡುಗಿಯನ್ನೂ ಮನೆಗೆ ಕಳಿಸುವುದೇ ಸರಿ ಎಂದರು. "ನಿಮ್ಮ ಖರೆ ಮಾತಿನಿಂದ ಅದು ಉಳೀತದೇನು ನೋಡ್ರಿ" ಎಂದು ಕನ್ನಡಕ ಹಾಕಿಕೊಂಡರು.

ತರಬೇತಿ ವಾಡಿಯಲ್ಲಿ. ಜಂಕ್ಷನ್ ಆದ್ದರಿಂದ ಎಲ್ಲರಿಗೂ ಬರಲು ಸುಲಭ. ಮೊದಲ ಬೆಳಿಗ್ಗೆ ನಾನು ಬರೆದುಕೊಂಡು ಹೋದ ಭಾಷಣ ಓದಿದೆ. ಪ್ರಾಮಾಣಿಕತೆ, ಜವಾಬ್ದಾರಿ, ಸಂಸ್ಥೆಯ ಘನತೆ ಎಲ್ಲ ಅದರಲ್ಲಿತ್ತು. ಫ್ಯಾನು ಬಿಸಿ ಗಾಳಿಯನ್ನು ಸುತ್ತಿಸುತ್ತಿತ್ತು. ತಲೆಯೆತ್ತಿ ನೋಡಿದರೆ ಸೇಡಮ್ಮಿನ ಮಹಿಬೂಬ್ ಕಣ್ಣು ತೆರೆದೇ ನಿದ್ದೆ ಮಾಡುತ್ತಿದ್ದ. ಚಿತ್ತಾಪುರದ ಸಿದ್ದಣ್ಣನ ಗದ್ದ ಎದೆಗೆ ತಗುಲಿತ್ತು. ಚಿಂಚೋಳಿಯ ನಾಗವೇಣಿ ಒಬ್ಬಳೇ ಎಚ್ಚರವಿದ್ದಳು, ಅವಳೂ ಕಿಟಕಿಯ ಹೊರಗೆ ಗೂಡ್ಸ್ ರೈಲಿನ ಡಬ್ಬಿ ಎಣಿಸುತ್ತಿದ್ದಳು. ನಾನು ಕಾಗದ ಮಡಿಸಿ ಚೀಲಕ್ಕೆ ಹಾಕಿ, "ಏಳ್ರಿ, ನಾಟಕ ಆಡೋಣ" ಎಂದೆ.

ಮಲ್ಲಿಕಾರ್ಜುನ ತಂದೆಯಾದ. ನಾಗವೇಣಿ ಅವನ ಮಗಳು. ಮಹಿಬೂಬ್ ಮೇಜಿನ ಹಿಂದೆ ಕೂತ. ಮಹಿಬೂಬ್‌ಗೆ ನಾನು ಗುಟ್ಟಾಗಿ ಹೇಳಿದ್ದಿಷ್ಟೇ. ಮಲ್ಲಿಕಾರ್ಜುನ ಫೋನಿನಲ್ಲಿ ಹೇಗೆ ಮಾತಾಡುತ್ತಾನೋ ಹಾಗೆಯೇ ಮಾತಾಡು.

"ಬರ್ರಿ ಕಾಕಾ, ಬರ್ರಿ! ನಿಮ್ಮ ನಸೀಬ್ ಭಾಳ ಚಲೋ ಅದ. ಎರಡೇ ಸೀಟು ಉಳ್ದಾವ."

"ಬಿ.ಕಾಂ. ಓದಿದ್ರ ನಮ್ಮ ಹುಡುಗಿಗಿ ನೌಕರಿ ಸಿಗ್ತದೇನ್ರಿ?"

"ಓದೂದ್ ಮುಗಿಯೋಕಿಂತ ಮೊದ್ಲೇ ಸಿಗ್ತದ್ರಿ! ಕಂಪನಿಯವ್ರು ಗೇಟಿಗಿ ಬಂದು ನಿಂದರ್ತಾರ."

"ಯಾವ ಕಂಪನಿ?"

"ದೊಡ್ಡ ದೊಡ್ಡ ಕಂಪನಿರಿ."

"ಹೆಸರು ಹೇಳ್ರಿ."

"ಹೆಸರ್ಯಾಕ್ರಿ ಕಾಕಾ, ನೀವು ಮೊದಲು ಸೀಟು ಹಿಡೀರಿ. ಹಿಂದ ಮಂದಿ ನಿಂತಾರ."

"ಹಿಂದ ಯಾರೂ ಇಲ್ಲಲ್ಲೋ!" ಎಂದು ಮಲ್ಲಿಕಾರ್ಜುನ ಮೇಜು ಗುದ್ದಿದ. ಅವನ ಮುಖ ನಿಜವಾಗಿಯೂ ಕೆಂಪಾಗಿತ್ತು. "ನಾ ಕೇಳೋದು ಒಂದು, ನೀ ಹೇಳೋದು ಒಂದು. ನನ್ನ ಮಗಳ ಬಾಳೇವು ಅಂದ್ರ ಆಟಾ ಅಂತ ತಿಳ್ದೀಯೇನು? ನಡೀ ಬೇ, ಬ್ಯಾರೆ ಕಾಲೇಜಿಗಿ ಹೋಗೋಣ!" ಎಂದವನೇ ನಾಗವೇಣಿಯ ಕೈಚೀಲ ಎತ್ತಿಕೊಂಡು ಕೋಣೆಯಿಂದ ಹೊರಟೇ ಹೋದ. ನಾವು ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೂ ಅವನು ಬರಲಿಲ್ಲ. ಹೋಗಿ ನೋಡಿದರೆ ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಅಕ್ಕಾ, ನಾ ಹಿಂಗಾ ಮಾತಾಡ್ತೀನೇನ್ರಿ?" ಎಂದ.

"ಮಹಿಬೂಬ್ ನಿನ್ನಷ್ಟು ಚಂದ ಮಾತಾಡಲಿಲ್ಲ" ಎಂದೆ.

ಅವನು ನಕ್ಕ. ನನಗೂ ಒಂದು ಚಹಾ ಹೇಳಿದ. ನನ್ನ ಭಾಷಣದ ಕಾಗದ ಅವತ್ತಿನಿಂದ ಚೀಲದಿಂದ ಹೊರಬರಲಿಲ್ಲ.

ಕಲಿಸಲು ಎಲ್ಲಕ್ಕಿಂತ ಕಷ್ಟವಾದ ವಾಕ್ಯ ಯಾವುದೆಂದು ನೀವು ಕೇಳಿದರೆ ಹೇಳುತ್ತೇನೆ. 'ಗೊತ್ತಿಲ್ರಿ, ಕೇಳಿ ಹೇಳ್ತೀನಿ.' ಸಣ್ಣ ವಾಕ್ಯ, ಆದರೆ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಮಹಿಬೂಬ್ ಬಹಳ ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಎನ್ನಲಾರ. ಏನು ಕೇಳಿದರೂ "ಆಗ್ತದ್ರಿ, ಆಗ್ತದ್ರಿ" ಎಂದೇ ಅವನ ಬಾಯಿಂದ ಬರುತ್ತಿತ್ತು. ನಾವು ಅವನಿಗೆ ಬೇಕೆಂದೇ ವಿಚಿತ್ರ ಪ್ರಶ್ನೆ ಹಾಕತೊಡಗಿದೆವು. "ಕಾಲೇಜಿನಾಗ ಈಜು ಕಲಿಸ್ತಾರೇನ್ರಿ?" "ಆಗ್ತದ್ರಿ." "ನಮ್ಮ ಎಮ್ಮಿ ಗ್ರೌಂಡಿನಾಗ ಕಟ್ಟಬಹುದೇನ್ರಿ?" "ಆಗ್ತ..." ಎಂದು ನಿಲ್ಲಿಸಿ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದ. ಆ ಸಂಜೆ ರೈಲಿಗೆ ಹೋಗುವಾಗ ಪ್ಲಾಟ್‌ಫಾರಂ ಮೇಲೆ ಯಾರೋ ಅವನನ್ನು ಸೇಡಂ ಗಾಡಿ ಯಾವುದೆಂದು ಕೇಳಿದರಂತೆ. ತಾನೂ ಅದೇ ಗಾಡಿ ಹತ್ತಲು ನಿಂತವನು, "ಗೊತ್ತಿಲ್ರಿ, ಕೇಳಿ ಹೇಳ್ತೀನಿ" ಎಂದು ಬಿಟ್ಟನಂತೆ. ಮರುದಿನ ಅದನ್ನು ಅವನೇ ಹೇಳಿಕೊಂಡು ಎಲ್ಲರನ್ನೂ ನಗಿಸಿದ.

ಆದರೆ ನೌಕರಿಯ ಪ್ರಶ್ನೆಗೆ ಒಳ್ಳೆಯ ಉತ್ತರ ಹುಡುಕಿದವನೂ ಅವನೇ. ಸೇಡಂ ಕಾಲೇಜಿನ ಹಳೆಯ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಈಗ ಏನು ಮಾಡುತ್ತಿದ್ದಾರೆಂದು ಕೇಳಿದ. ಒಬ್ಬ ಸಿಮೆಂಟ್ ಕಾರ್ಖಾನೆಯ ಕಚೇರಿಯಲ್ಲಿದ್ದ, ಒಬ್ಬಳು ಶಾಲೆಯಲ್ಲಿ ಕಲಿಸುತ್ತಿದ್ದಳು, ಇನ್ನೊಬ್ಬ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ, ಒಬ್ಬ ಟೇಲರ್ ಅಂಗಡಿ ಇಟ್ಟಿದ್ದ, ಕೆಲವರಿಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲ. ಯಾರು ಕೇಳಿದರೂ ಅದನ್ನೇ ಹೇಳತೊಡಗಿದ. ಹೆಸರು ಹೇಳಬೇಕಾದರೆ ಅವರ ಒಪ್ಪಿಗೆ ಕೇಳಿಕೊಂಡು ಹೇಳುತ್ತಿದ್ದ. ಪಾಲಕರೊಬ್ಬರು ಆ ಟೇಲರ್ ಅಂಗಡಿ ಎಲ್ಲಿದೆಯೆಂದು ವಿಚಾರಿಸಿಕೊಂಡು ಹೋದರು. ಹೋದವರು ಓದಿನ ವಿಚಾರವನ್ನೂ ಕೇಳಿ, ಎರಡು ಅಂಗಿಯನ್ನೂ ಹೊಲಿಸಿಕೊಂಡು ಬಂದು ಮಗನನ್ನು ಸೇರಿಸಿದರು.

ಫೋನಿನ ಕಾಲ ಬಂದ ಮೇಲೆ ಮಾತಿನ ರೀತಿಯೇ ಬದಲಾಗಿತ್ತು. ಊರಿಗೆ ಹೋಗಿ ಅಂಗಳದಲ್ಲಿ ಕೂತು ಮಾತಾಡುವುದು ಕಡಿಮೆಯಾಗಿ, ಕೂತಲ್ಲಿಂದಲೇ ಕರೆ ಮಾಡುವುದಾಗಿತ್ತು. ಅದಕ್ಕೊಂದು ಸಿದ್ಧ ಮಾತನ್ನು ಆ ಪ್ರಚಾರದವನೇ ಬರೆದು ಕೊಟ್ಟಿದ್ದ. ಸಿದ್ದಣ್ಣ ಅದನ್ನು ತಪ್ಪದೆ ಓದುವವನು. ಚಿತ್ತಾಪುರದಲ್ಲಿ ಒಂದು ಮಧ್ಯಾಹ್ನ ನಾನು ಪಕ್ಕದಲ್ಲೇ ಕೂತಿದ್ದೆ. ಸನ್ನತಿ ಊರಿನ ಒಂದು ನಂಬರಿಗೆ ಫೋನ್ ಹಚ್ಚಿದ. ಒಬ್ಬ ಅಜ್ಜಿ ಎತ್ತಿಕೊಂಡಳು.

"ನಮಸ್ಕಾರ, ಪ್ರಿಯ ವಿದ್ಯಾರ್ಥಿ ಮಿತ್ರರೇ! ನಿಮ್ಮ ಉಜ್ವಲ ಭವಿಷ್ಯದ ಹೆಬ್ಬಾಗಿಲು ಈಗ ತೆರೆದಿದೆ!"

"ಯಾ ಬಾಗ್ಲಾ ತೆರ್ದದಪಾ?" ಅಜ್ಜಿ ಗಾಬರಿಯಾದಳು. "ನಾ ಈಗೇ ಹಾಕ್ಕೊಂಡು ಬಂದೀನಲ್ಲ. ದನ ಒಳಗ ಹೊಕ್ಕಾವೇನು?"

ಸಿದ್ದಣ್ಣ ಕಾಗದ ನೋಡಿದ. ದನದ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ. ನಾನು ಕಾಗದವನ್ನು ಕೈಯಿಂದ ಮುಚ್ಚಿದೆ. ಅವನು ಗಂಟಲು ಸರಿಮಾಡಿಕೊಂಡು, "ಯಮ್ಮಾ, ನಾ ಚಿತ್ತಾಪುರ ಕಾಲೇಜಿನ ಸಿದ್ದಣ್ಣ ಮಾತಾಡಾಕತ್ತೀನಿ. ಬಾಗ್ಲ ಹಾಕೇ ಅದ, ಅಂಜಬ್ಯಾಡ್ರಿ. ನಿಮ್ಮ ಮೊಮ್ಮಗನ ಓದಿನ ಬಗ್ಗಿ ಕೇಳಾಕ ಫೋನ್ ಮಾಡೀನಿ. ಈಗ ಮಾತಾಡ್ಲೋ, ಆಮ್ಯಾಲ ಮಾಡ್ಲೋ?" ಎಂದ.

"ಹಂಗ ಹೇಳಪಾ ಮೊದ್ಲ!" ಎಂದು ಅಜ್ಜಿ ನಿಟ್ಟುಸಿರು ಬಿಟ್ಟು, ಮೊಮ್ಮಗನನ್ನು ಕರೆದಳು. ಅಂದಿನಿಂದ ನಮ್ಮ ಐದೂ ಕಾಲೇಜಿನಲ್ಲಿ ಫೋನಿನ ಮಾತು ಹೀಗೇ ಶುರುವಾಗತೊಡಗಿತು. ನಾನು ಯಾರು, ಎಲ್ಲಿಂದ, ಯಾಕೆ, ಈಗ ಮಾತಾಡಬಹುದೇ. ಬೇಡ ಎಂದರೆ ಮತ್ತೆ ಕಾಡುವುದಿಲ್ಲ.

ಆ ಹುಡುಗನಿಗೆ ಬೇಕಿದ್ದದ್ದು ಡಿಗ್ರಿಯಲ್ಲ, ಐಟಿಐ. ಎಲೆಕ್ಟ್ರಿಕಲ್ ಕೆಲಸ ಕಲಿಯುವ ಆಸೆ. ನಮ್ಮಲ್ಲಿ ಅದು ಇರಲಿಲ್ಲ. ಸಿದ್ದಣ್ಣ ಸರ್ಕಾರಿ ಐಟಿಐ ಎಲ್ಲಿದೆ, ಅರ್ಜಿ ಯಾವಾಗ ಹಾಕಬೇಕು ಎಂದು ವಿಚಾರಿಸಿ ಹೇಳಿದ. ಹೇಗೋ ಈ ಸುದ್ದಿ ಸಾಹೇಬರ ಕಿವಿಗೆ ಬಿತ್ತು.

"ನಮ್ಮ ಪಗಾರ ತಗೊಂಡು ಮಂದಿ ಕಾಲೇಜಿಗಿ ದಾರಿ ತೋರ್ಸಾಕತ್ತೀರೇನು?" ಎಂದು ನನ್ನನ್ನು ಕರೆಸಿ ಕೇಳಿದರು.

"ಅವನು ನಮ್ಮಲ್ಲಿ ಬಿ.ಎ. ಸೇರಿದ್ರ ದಸರಾದೊಳಗ ಬಿಟ್ಟು ಹೋಗ್ತಿದ್ದರಿ" ಎಂದೆ. ಅವರು ಗುರ್ ಎಂದರು, ಆದರೆ ಸಿದ್ದಣ್ಣನಿಗೆ ಏನೂ ಅನ್ನಲಿಲ್ಲ. ಆ ಹುಡುಗ ಐಟಿಐ ಸೇರಿದ. ಅದರಿಂದ ನಮ್ಮ ಕಾಲೇಜಿಗೆ ಯಾವ ಲಾಭವೂ ಆಗಲಿಲ್ಲ. ಒಳ್ಳೆಯ ಮಾತು ಆಡಿದ ಪ್ರತಿ ಸಲವೂ ಏನೋ ಬಂದೇ ಬರುತ್ತದೆಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ಸಿದ್ದಣ್ಣ ಅವತ್ತು ಊಟ ಮಾಡುವಾಗ ಒಬ್ಬನೇ ನಗುತ್ತಿದ್ದ. ನಾನು ನೋಡಿದ್ದು ಅಷ್ಟೇ.

ಇನ್ನು ಚಿಂಚೋಳಿಯ ವಿಷಯ. ನಾಗವೇಣಿ ತೆಲುಗು ಮನೆಮಾತಿನ ಹುಡುಗಿ. ಸಿಟ್ಟು ಬಂದರೆ ಕನ್ನಡದಿಂದ ತೆಲುಗಿಗೆ ಜಾರುತ್ತಿದ್ದಳು. ವಿಜ್ಞಾನ ವಿಭಾಗ ಮುಚ್ಚಿದರೆ ತನ್ನ ಕೆಲಸವೂ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಹತ್ತಿರದ ಹಳ್ಳಿ ಐನಾಪುರದಲ್ಲಿ ಆ ವರ್ಷ ವಿಜ್ಞಾನದಲ್ಲಿ ಪಾಸಾದ ಹುಡುಗಿಯರು ಹಲವರಿದ್ದರು. ಅವರ ತಾಯಂದಿರನ್ನು ಸಮುದಾಯ ಭವನದಲ್ಲಿ ಸೇರಿಸಿದಳು. ನಾನೂ ಹೋದೆ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಜಮಖಾನೆ, ಸ್ಟೀಲ್ ಲೋಟದಲ್ಲಿ ಚಹಾ. ತಾಯಂದಿರ ಪರವಾಗಿ ಎಲ್ಲ ಪ್ರಶ್ನೆ ಕೇಳುತ್ತಿದ್ದವರು ರಮಾಬಾಯಿ. ಅವರ ಮಗಳು ಪ್ರಜ್ಞಾ ಪಕ್ಕದಲ್ಲಿ ಕೂತಿದ್ದಳು, ಬಿ.ಎಸ್ಸಿ. ಓದಬೇಕೆಂದು ಪಟ್ಟು ಹಿಡಿದವಳು.

"ಹುಡುಗ್ಯಾರು ಸಂಜಿಕ ಊರಿಗಿ ಬರಾಕ ಬಸ್ ಸಿಗ್ತದೇನ್ರಿ?" ಎಂದು ರಮಾಬಾಯಿ ಕೇಳಿದರು.

ನಾಗವೇಣಿ ನನ್ನ ಮುಖ ನೋಡಿದಳು. ಪ್ರಾಕ್ಟಿಕಲ್ ಇರುವ ದಿನ ಲ್ಯಾಬ್ ಮುಗಿಯುವ ಹೊತ್ತಿಗೆ ಐನಾಪುರದ ಬಸ್ಸು ಹೊರಟು ಹೋಗಿರುತ್ತಿತ್ತು. ಹಿಂದಿನ ವರ್ಷಗಳಲ್ಲೆಲ್ಲ 'ಬಸ್ ಏನ್ರಿ, ಬೇಕಾದಷ್ಟು ಅದಾವ' ಎಂದು ಹೇಳಿ ಹುಡುಗಿಯರನ್ನು ಸೇರಿಸಿಕೊಂಡಿದ್ದರು. ದೀಪಾವಳಿಗೆ ಮುನ್ನ ಅವರೆಲ್ಲ ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದರು. ಹುಡುಗಿಯರಿಗೆ ಓದಿನಲ್ಲಿ ಮನಸ್ಸಿಲ್ಲ ಎಂದು ನಮ್ಮವರು ಆಡಿಕೊಳ್ಳುತ್ತಿದ್ದರು.

ನಾನು ಚಹಾದ ಲೋಟ ಎತ್ತಿಕೊಂಡೆ. ಹೇಳಬೇಕಾದವಳು ಅವಳು.

"ಸಿಗಂಗಿಲ್ಲರಿ" ಎಂದಳು ನಾಗವೇಣಿ. "ಉಳಿದ ದಿನ ಸಿಗ್ತದ. ಪ್ರಾಕ್ಟಿಕಲ್ ಇದ್ದ ದಿನ ಸಿಗಂಗಿಲ್ಲ. ಲ್ಯಾಬ್ ಮುಗಿಯೋದ್ರಾಗ ಬಸ್ ಹೋಗಿರ್ತದ."

ಪ್ರಜ್ಞಾಳ ಮುಖ ಬಾಡಿತು. ವಿಭಾಗ ಮುಚ್ಚಿತೆಂದೇ ನನಗನ್ನಿಸಿತು. ನಾಗವೇಣಿ ತಲೆ ತಗ್ಗಿಸಿ ಸೆರಗಿನ ಅಂಚು ತಿರುವುತ್ತಿದ್ದಳು.

ಆಗ ಹಿಂದಿನಿಂದ ಯಾರೋ ಒಬ್ಬ ತಾಯಿ, "ಬಸ್ ನಮ್ಮ ಮಾತು ಕೇಳಂಗಿಲ್ಲ. ಆ ಲ್ಯಾಬ್ ಮುಂಜಾನಿ ಇಟ್ರ ಏನಾಗ್ತದ?" ಎಂದಳು.

"ಹೌದಲ್ರಿ! ಮುಂಜಾನಿ ಬರೋ ಬಸ್ ಖಾಲಿನೇ ಹೋಗ್ತದ" ಎಂದರು ರಮಾಬಾಯಿ.

ನಾಗವೇಣಿ ನನ್ನನ್ನು ನೋಡಿದಳು, ನಾನು ಅವಳನ್ನು. ಇಷ್ಟು ವರ್ಷ ಆ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ಬಸ್ಸು ಸಿಗುತ್ತದೆ ಎಂದು ಹೇಳುತ್ತ ಬಂದದ್ದರಿಂದ ಯಾರಿಗೂ ಹೊಳೆಯುವ ಪ್ರಸಂಗವೇ ಬಂದಿರಲಿಲ್ಲ. "ಕೇಳ್ಕೊಂಡು ಬಂದು ಹೇಳ್ತೀನ್ರಿ" ಎಂದು ನಾಗವೇಣಿ ಎದ್ದು ನಿಂತಳು.

ಪ್ರಿನ್ಸಿಪಾಲರು ಬೇಡವೆನ್ನಲಿಲ್ಲ. ಕಷ್ಟವಿದ್ದದ್ದು ರಸಾಯನಶಾಸ್ತ್ರದ ದೇಶಪಾಂಡೆ ಸರ್ ಅವರಿಗೆ. ಅವರು ದಿನಾ ಕಲಬುರಗಿಯಿಂದ ಬರುತ್ತಿದ್ದರು. ಬಂದು ಚಹಾ ಕುಡಿದು ಕೋಟು ತೊಡುವುದರೊಳಗೆ ಬೆಳಗಿನ ಅರ್ಧ ಹೊತ್ತು ಕಳೆದಿರುತ್ತಿತ್ತು.

"ಮುಂಜಾನಿ ಲ್ಯಾಬ್ ಅಂದ್ರ ನಾ ಮನ್ಯಾಗ ಕೋಳಿ ಕೂಗೋದಕ್ಕಿಂತ ಮೊದ್ಲ ಏಳ್ಬೇಕಲ್ರಿ!" ಎಂದರು.

ನಾಗವೇಣಿ ಆಗಲೇ ಅರ್ಧ ತೆಲುಗಿಗೆ ಜಾರಿದ್ದಳು. ನಾನು ಕಣ್ಣಿನಲ್ಲೇ ಅವಳನ್ನು ತಡೆದೆ. ಅವಳು ಉಸಿರೆಳೆದುಕೊಂಡು, ಐನಾಪುರದಲ್ಲಿ ಏನು ನಡೆಯಿತು, ಯಾರು ಏನು ಕೇಳಿದರು ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳಿದಳು. ಸರ್ ಒಮ್ಮೆಯೂ ನಡುವೆ ಬಾಯಿ ಹಾಕದೆ ಕೇಳಿದರು. ಕೇಳಿ, "ಅಂದ್ರ ಆ ಹುಡುಗ್ಯಾರು ನನ್ನ ಪಾಠ ಚಲೋ ಇಲ್ಲ ಅಂತ ಬಿಟ್ಟು ಹೋಗಿಲ್ಲೇನ್ರಿ?" ಎಂದರು.

"ಇಲ್ರಿ ಸರ. ಬಸ್ಸಿನ ಸಲುವಾಗಿ."

ಆ ಮನುಷ್ಯ ಎಷ್ಟೋ ವರ್ಷದಿಂದ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೊರಗಿದ್ದರೆಂದು ನಮಗೆ ಆಗ ತಿಳಿಯಿತು. ಕನ್ನಡಕ ಒರೆಸಿಕೊಂಡು, ಪ್ರಾಕ್ಟಿಕಲ್‌ನ ಹಿಂದಿನ ದಿನ ಚಿಂಚೋಳಿಯಲ್ಲೇ ಉಳಿಯುತ್ತೇನೆ ಎಂದರು. ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದರು. ಆಮೇಲೆ ನೋಡಬೇಕಿತ್ತು ಅವರನ್ನು! ಸಂಜೆ ಸ್ಕೂಟರ್ ತೆಗೆದುಕೊಂಡು ಚಂದ್ರಂಪಳ್ಳಿ ಡ್ಯಾಂ ಕಡೆ ಹೊರಡುವುದು, ಹಕ್ಕಿ ನೋಡುವುದು, ಮರುದಿನ ಲ್ಯಾಬಿನಲ್ಲಿ ಆಮ್ಲ ಪ್ರತ್ಯಾಮ್ಲದ ನಡುವೆ ಆ ಹಕ್ಕಿಗಳ ಕಥೆ ಹೇಳುವುದು. ಊರಿಗೆ ಹೋಗುವುದನ್ನೇ ಕಡಿಮೆ ಮಾಡಿದರು.

ಸುದ್ದಿ ಹೇಳಲು ನಾವು ಮತ್ತೆ ಐನಾಪುರಕ್ಕೆ ಹೋದೆವು. ಈ ಸಲ ಚಹಾದ ಜೊತೆ ಉಂಡಿಗಳೂ ಬಂದವು. ಪ್ರಜ್ಞಾ ಮತ್ತವಳ ಗೆಳತಿಯರು ಅಲ್ಲೇ ಕೂತು ಅರ್ಜಿ ತುಂಬಿದರು. ವಿಭಾಗ ಮುಚ್ಚುವ ಮಾತನ್ನು ಸಾಹೇಬರು ಆಮೇಲೆ ಎತ್ತಲೇ ಇಲ್ಲ. ನನಗೆ ಮಾತ್ರ ಒಂದು ದಿನ ಕರೆದು, "ನಿಮ್ಮ ಟ್ರೇನಿಂಗ್ ವರ್ಷಾ ವರ್ಷಾ ನಡೀಲಿ" ಎಂದರು. ಹೊಗಳಿಕೆ ಅವರ ಬಾಯಲ್ಲಿ ಅಷ್ಟೇ ಉದ್ದ.

ಅರ್ಜಿ ತುಂಬಿದ ಆ ದಿನವೇ, ಐನಾಪುರದಲ್ಲಿ ಎಲ್ಲ ಮುಗಿದು ನಾವು ಚಪ್ಪಲಿ ಮೆಟ್ಟುತ್ತಿದ್ದಾಗ ರಮಾಬಾಯಿ ನಾಗವೇಣಿಯ ಹಿಂದೆಯೇ ಬಂದರು.

"ಇನ್ನೊಂದು ಕೇಳೋದಿತ್ತರಿ. ಕಾಲೇಜಿಗಿ ಸೇರಾಕ ವಯಸ್ಸಿಂದು ಏನರ ಕಾಯ್ದಾ ಅದೇನ್ರಿ?"

"ಯಾರಿಗ್ರಿ?"

"ನನಗ್ರಿ."

"ಅವ್ವಾ, ಸುಮ್ನಿರ್ಬೇ!" ಎಂದು ಪ್ರಜ್ಞಾ ಅವರ ಸೆರಗು ಜಗ್ಗಿದಳು. ರಮಾಬಾಯಿ ಮದುವೆಗೆ ಮೊದಲೇ ಪಿಯುಸಿ ಪಾಸಾಗಿದ್ದರು. ಇತಿಹಾಸ ಓದುವ ಆಸೆ. ಗಂಡ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದರು, ಅವರ ಅಡ್ಡಿಯೇನೂ ಇರಲಿಲ್ಲವಂತೆ. ಕೇಳಲು ಇವರಿಗೇ ನಾಚಿಕೆಯಾಗಿತ್ತು.

ಪ್ರಚಾರದವನ ಶಿಷ್ಯರಾಗಿದ್ದರೆ ಆ ಕ್ಷಣದಲ್ಲೇ ಅರ್ಜಿ ಹಿಡಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದರು. ನಾಗವೇಣಿ ಮೆಟ್ಟಿದ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಕೂತಳು. ವಿಶ್ವವಿದ್ಯಾಲಯವನ್ನು ಕೇಳಿ ನಿಯಮ ತಿಳಿಸುತ್ತೇನೆ ಎಂದಳು. ದಿನಾ ಹಾಜರಿ ಬೇಕು, ಚಿಕ್ಕ ಹುಡುಗರ ನಡುವೆ ಕೂರಬೇಕು, ಮೊದಮೊದಲು ಅವರು ನಗಬಹುದು, ಕಟಾವಿನ ಕಾಲದಲ್ಲೇ ಪರೀಕ್ಷೆ ಬರಬಹುದು, ಓದು ಬಿಟ್ಟು ಹತ್ತಾರು ವರ್ಷವಾದ್ದರಿಂದ ಬರೆಯುವಾಗ ಕೈ ನೋಯುತ್ತದೆ ಎಂದೆಲ್ಲ ಒಂದೊಂದಾಗಿ ಹೇಳಿದಳು.

ರಮಾಬಾಯಿ ಎಲ್ಲವನ್ನೂ ಕೇಳಿಸಿಕೊಂಡರು. "ಇಷ್ಟೆಲ್ಲಾ ತ್ರಾಸು ಹೇಳಿದ್ರೂ ನೀವು ಬ್ಯಾಡ ಅಂತ ಮಾತ್ರ ಹೇಳ್ಲಿಲ್ಲ ನೋಡ್ರಿ" ಎಂದು ನಕ್ಕರು.

ವಯಸ್ಸಿನ ಅಡ್ಡಿ ಇರಲಿಲ್ಲ. ರಮಾಬಾಯಿ ಬಿ.ಎ. ಸೇರಿದರು. ತಾಯಿ ಮಗಳು ಒಂದೇ ಬಸ್ಸಿಗೆ ಬಂದರೂ ಮೊದಲ ದಿನ ಪ್ರಜ್ಞಾ ಮುಂದಿನ ಸೀಟಿನಲ್ಲಿ ಗೆಳತಿಯರ ಜೊತೆ, ತಾಯಿ ಹಿಂದೆ ಎಲ್ಲೋ. ತರಗತಿ ಶುರುವಾಗುವುದನ್ನು ನೋಡಬೇಕೆಂದು ನಾನು ಚಿಂಚೋಳಿಗೆ ಹೋಗಿದ್ದೆ. ನಾಗವೇಣಿಯೂ ನಾನೂ ಇತಿಹಾಸದ ತರಗತಿಯ ಹೊರಗೆ ವರಾಂಡದಲ್ಲಿ ನಿಂತಿದ್ದೆವು. ರಮಾಬಾಯಿ ಮೊದಲ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಹೊಸದಾಗಿ ಬಂದ ತರುಣ ಉಪನ್ಯಾಸಕರು ಒಳಗೆ ಹೋದವರೇ ಅವರನ್ನು ನೋಡಿ ನಿಂತು, ಬಹಳ ಮರ್ಯಾದೆಯಿಂದ, "ಅಮ್ಮಾ, ಪಾಲಕರ ಸಭೆ ಮುಂದಿನ ವಾರ ಇದೆ" ಎಂದರು.

ರಮಾಬಾಯಿ ಎದ್ದು ನಿಂತರು. "ಮುಂದಿನ ವಾರ ಅದಕ್ಕೂ ಬರ್ತೀನ್ರಿ ಸರ, ನನ್ನ ಮಗಳು ಇಲ್ಲೇ ಓದಾಕತ್ತಾಳ. ಈಗ ನೀವು ಪಾಠ ಸುರು ಮಾಡ್ರಿ."